ಜಾಡಿಯ ಮುಂದೊಂದು ನಂದಾದೀಪ

“ಮ್ಯೂಸಿಯಂಗೆ ಯಾಕ್ರೀ ದುಡ್ಡು ಕೊಡಬೇಕು? ಅದು ಸರ್ಕಾರದ್ದಲ್ವಾ? ಸತ್ತ ಪ್ರಾಣಿಗಳನ್ನ ಇಟ್ಕೊಂಡಿರೋ ಮನೆ ಅದು.”

ಈ ಮಾತನ್ನು ಸಿಡ್ನಿಯ ಕನ್ನಡಿಗರ ಬಾಯಲ್ಲಿ ಕೇಳಿದ್ದೇನೆ, ಮೆಲ್ಬರ್ನ್‌ನವರ ಬಾಯಲ್ಲೂ ಕೇಳಿದ್ದೇನೆ. ಹೇಳಿದವರು ಜಿಪುಣರಲ್ಲ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ತಾವು ಓದಿದ ಶಾಲೆಯ ಹಂಚು ಬದಲಿಸಲು, ಕೊಡಗಿನಲ್ಲಿ ಗುಡ್ಡ ಕುಸಿದಾಗ ಮನೆ ಕಳೆದುಕೊಂಡವರಿಗೆ, ಕೇಳುವ ಮೊದಲೇ ಕೊಟ್ಟವರು. ಯುಗಾದಿಗೆ ಐವತ್ತು ಜನರ ಹೋಳಿಗೆ ಮನೆಯಲ್ಲೇ ತಟ್ಟಿಕೊಂಡು ಬರುವವರು. ಆದ್ದರಿಂದಲೇ ಆ ಮಾತು ನನಗೆ ಹೆಚ್ಚು ನೋವು ಕೊಡುತ್ತದೆ. ಕೊಡುವ ಕೈಗೆ ಬರವಿಲ್ಲ. ಈ ಒಂದು ಬಾಗಿಲ ಮುಂದೆ ಮಾತ್ರ ಅದು ಹಿಂದಕ್ಕೆ ಸರಿಯುತ್ತದೆ. ಹಾಗೆ ಸರಿಯುವುದನ್ನು ನಾವು ವಿವೇಕ ಎಂದುಕೊಂಡಿದ್ದೇವೆ. ಅದು ವಿವೇಕವಲ್ಲ, ತಿಳಿಯದೆ ಮಾಡುತ್ತಿರುವ ತಪ್ಪು ಎಂದು ನಾನು ವಾದಿಸುತ್ತೇನೆ.

ಮೊದಲು ‘ಸತ್ತ ಪ್ರಾಣಿಗಳ ಮನೆ’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಒಮ್ಮೆ ಮ್ಯೂಸಿಯಂ ಒಂದರ ಒಳಕೋಣೆ ನೋಡುವ ಅವಕಾಶ ಸಿಕ್ಕಿತ್ತು. ಹೊರಗಿನ ಸಭಾಂಗಣದ ಬೆಳಕು, ಮಕ್ಕಳ ಗದ್ದಲ ಯಾವುದೂ ಅಲ್ಲಿಲ್ಲ. ಸಾಲುಸಾಲು ಕಬ್ಬಿಣದ ಕಪಾಟುಗಳು. ಅವುಗಳೊಳಗೆ ಉಪ್ಪಿನಕಾಯಿ ಭರಣಿಯಂಥ ಗಾಜಿನ ಜಾಡಿಗಳು. ಒಂದರಲ್ಲಿ ಅಂಗೈಯಗಲದ ಕಪ್ಪೆ, ಬಣ್ಣವೆಲ್ಲ ಹೋಗಿ ಅಕ್ಕಿ ತೊಳೆದ ನೀರಿನಂತಾಗಿದೆ. ಅದರ ಕಾಲಿಗೆ ದಾರದಲ್ಲಿ ಕಟ್ಟಿದ ಪುಟ್ಟ ಚೀಟಿ: ಹಿಡಿದ ಊರು, ದಿನಾಂಕ, ಹಿಡಿದವರ ಹೆಸರು. ಅಲ್ಲಿ ಕೆಲಸ ಮಾಡುವ ಹೆಂಗಸು ಜಾಡಿಯನ್ನು ಬೆಳಕಿಗೆ ಹಿಡಿದು, ಒಳಗಿನ ಮದ್ಯಸಾರ ಎಷ್ಟು ಇಳಿದಿದೆ ಎಂದು ನೋಡಿ, ಪಕ್ಕದ ಬಾಟಲಿಯಿಂದ ಅಷ್ಟನ್ನು ತುಂಬಿ, ಮುಚ್ಚಳ ಬಿಗಿದು, ಮುಂದಿನ ಜಾಡಿಗೆ ಕೈ ಹಾಕಿದಳು. ಎಷ್ಟೇ ಬಿಗಿದರೂ ಮದ್ಯಸಾರ ನಿಧಾನವಾಗಿ ಆವಿಯಾಗುತ್ತಲೇ ಇರುತ್ತದೆ. ಯಾರೂ ತುಂಬದೆ ಬಿಟ್ಟರೆ ಕೆಲವು ವರ್ಷಗಳಲ್ಲಿ ಜಾಡಿ ಒಣಗುತ್ತದೆ, ಕಪ್ಪೆ ಒಣಗಿ ಚಕ್ಕೆಯಾಗುತ್ತದೆ. ಆಮೇಲೆ ಎಷ್ಟು ಕೋಟಿ ಸುರಿದರೂ ಅದು ಮತ್ತೆ ಬಾರದು.

ಆ ಜಾಡಿಗಳ ಬೆಲೆ ತಿಳಿಯಬೇಕಾದರೆ ಮೆಲ್ಬರ್ನ್‌ನ ಒಂದು ಜಾಡಿಯ ಕಥೆ ಕೇಳಿ. ಥೈಲಸಿನ್, ಅಂದರೆ ಟ್ಯಾಸ್ಮೇನಿಯಾದ ಹುಲಿ ಎಂದು ಕರೆಸಿಕೊಂಡ ಪ್ರಾಣಿ, ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುತ್ತಿತ್ತು. ಕುರಿ ತಿನ್ನುತ್ತದೆಂದು ಅದರ ತಲೆಗೆ ಬಹುಮಾನ ಕಟ್ಟಿ ಕೊಲ್ಲಿಸಿದರು. ತಿಳಿದಿರುವ ಕೊನೆಯದು 1936ರ ಸೆಪ್ಟೆಂಬರ್ 7ರಂದು ಹೋಬಾರ್ಟ್ ಮೃಗಾಲಯದಲ್ಲಿ ಸತ್ತಿತು. ಅದಕ್ಕೂ ಮೊದಲು, 1909ರಲ್ಲಿ, ತಾಯಿಯ ಚೀಲದಿಂದ ತೆಗೆದ ಒಂದು ಮರಿಯನ್ನು ಮದ್ಯಸಾರದಲ್ಲಿ ಇಟ್ಟಿದ್ದರು. ಅದು ವಿಕ್ಟೋರಿಯಾದ ಮ್ಯೂಸಿಯಂನಲ್ಲಿ 108 ವರ್ಷ ಕಾಯಿತು. 2017ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಆಂಡ್ರೂ ಪಾಸ್ಕ್ ಮತ್ತು ಸಂಗಡಿಗರು ಅದೇ ಮರಿಯಿಂದ ಡಿಎನ್‌ಎ ತೆಗೆದು ಇಡೀ ಥೈಲಸಿನ್‌ನ ವಂಶವಾಹಿ ನಕ್ಷೆಯನ್ನು ಓದಿದರು. ಮನುಷ್ಯರು ಬಂದೂಕು ಹಿಡಿಯುವುದಕ್ಕೆ ಎಷ್ಟೋ ಮೊದಲೇ ಆ ಪ್ರಾಣಿಯ ಒಳವೈವಿಧ್ಯ ಕುಗ್ಗಿತ್ತು ಎಂಬುದು ಆಗ ತಿಳಿಯಿತು. 1909ರಲ್ಲಿ ಮರಿಯನ್ನು ಜಾಡಿಗೆ ಇಳಿಸಿದವರಿಗೆ ಡಿಎನ್‌ಎ ಎಂಬ ಪದವೇ ಗೊತ್ತಿರಲಿಲ್ಲ. ಅವರು ಇಟ್ಟರು, ಅವರ ನಂತರದವರು ಮದ್ಯಸಾರ ತುಂಬಿದರು, ಎರಡು ಮಹಾಯುದ್ಧಗಳು, ಒಂದು ಆರ್ಥಿಕ ಕುಸಿತ, ಹಳೆಯ ಕಟ್ಟಡದಿಂದ ಕಾರ್ಲ್ಟನ್ ಗಾರ್ಡನ್ಸ್‌ನ ಹೊಸ ಕಟ್ಟಡಕ್ಕೆ ಸ್ಥಳಾಂತರ, ಇಷ್ಟೆಲ್ಲದರ ನಡುವೆಯೂ ಆ ಸರಣಿ ತುಂಡಾಗಲಿಲ್ಲ.

ಇದನ್ನೇ ನಮ್ಮ ಹಿರಿಯರು ನಂದಾದೀಪ ಎಂದು ಕರೆದಿದ್ದರು. ಕನ್ನಡ ನಾಡಿನ ಶಾಸನಗಳನ್ನು ನೋಡಿ. ದಾನಿ ದೇವಾಲಯ ಕಟ್ಟಿಸಿ ಸುಮ್ಮನಾಗುವುದಿಲ್ಲ. ನಂದಾದೀವಿಗೆಯ ಎಣ್ಣೆಗೆ ಇಷ್ಟು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದು ಬಿರುಕುಬಿಟ್ಟದ್ದರ ದುರಸ್ತಿಗೆ ಇಷ್ಟು, ಓದಿಸುವವರ ಊಟಕ್ಕೆ ಇಷ್ಟು ಭೂಮಿ ಎಂದು ಬಿಡಿಸಿ ಬರೆಯಿಸುತ್ತಾನೆ. ಕಟ್ಟಡ ಕಟ್ಟುವುದು ಒಂದು ದಿನದ ಉತ್ಸಾಹ, ದೀಪ ಆರದಂತೆ ನೋಡಿಕೊಳ್ಳುವುದು ತಲೆಮಾರುಗಳ ಕೆಲಸ ಎಂಬ ತಿಳಿವಳಿಕೆ ಅವನಿಗಿತ್ತು. ಬಹುಕಾಲ ಕನ್ನಡದ ಮೊದಲ ಶಾಸನವೆಂದೇ ನಾವು ಓದಿಕೊಂಡು ಬಂದ ಹಲ್ಮಿಡಿಯ ಕಲ್ಲು ಕೂಡ ಒಂದು ದತ್ತಿಯ ದಾಖಲೆ. ಅದರ ಮೂಲ ಇವತ್ತು ಉಳಿದಿರುವುದು ಮೈಸೂರಿನಲ್ಲಿ, ಪುರಾತತ್ವ ಇಲಾಖೆಯ ಸಂಗ್ರಹದಲ್ಲಿ. ಅದನ್ನು ಯಾರೋ ತಂದು, ನಂಬರು ಹಾಕಿ, ಮಳೆಬಿಸಿಲಿಗೆ ಬಿಡದೆ ಇಟ್ಟರು. ನಮ್ಮ ಭಾಷೆಯ ವಯಸ್ಸಿನ ಸಾಕ್ಷಿಯನ್ನೇ ಸಂಗ್ರಹಾಲಯದ ಕಪಾಟಿನಿಂದ ಪಡೆದವರು ನಾವು. ಅಂಥವರು ‘ಮ್ಯೂಸಿಯಂಗೆ ಯಾಕೆ ಕೊಡಬೇಕು’ ಎಂದು ಕೇಳಬಾರದು.

ಸರ್ಕಾರದ್ದಲ್ವಾ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯದು. ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂ 1827ರಲ್ಲಿ ಹುಟ್ಟಿದ್ದೇ ಸರ್ಕಾರದ ಹಣದಿಂದ. ಲಂಡನ್ನಿನಿಂದ ವರ್ಷಕ್ಕೆ 200 ಪೌಂಡ್ ಖರ್ಚು ಮಾಡಲು ಅಪ್ಪಣೆ ಬಂದಿತ್ತು. ಇವತ್ತೂ ಅದರ ದೊಡ್ಡ ಖರ್ಚನ್ನು ಹೊರುವುದು ನ್ಯೂ ಸೌತ್ ವೇಲ್ಸ್ ಸರ್ಕಾರವೇ. 2020ರ ನವೆಂಬರ್‌ನಲ್ಲಿ ಮ್ಯೂಸಿಯಂ ನವೀಕರಣಗೊಂಡು ಮತ್ತೆ ತೆರೆದಾಗ, ಆ 57.5 ಮಿಲಿಯನ್ ಡಾಲರ್ ಕಾಮಗಾರಿಯ ಬಹುಪಾಲನ್ನು ಸರ್ಕಾರವೇ ಕೊಟ್ಟಿತ್ತು. ಸಾಮಾನ್ಯ ಪ್ರವೇಶವೂ ಉಚಿತವಾಯಿತು. ಮೆಲ್ಬರ್ನ್ ಮ್ಯೂಸಿಯಂನಲ್ಲಿ 2022ರಿಂದ ನಿಂತಿರುವ ‘ಹಾರಿಡಸ್’ ಎಂಬ ಟ್ರೈಸೆರಾಟಾಪ್ಸ್ ಡೈನೋಸಾರ್‌ನ ಅಸ್ಥಿಪಂಜರ, ಶೇ. 87ರಷ್ಟು ಮೂಳೆಗಳು ಉಳಿದಿರುವ ಅಪರೂಪದ ಮಾದರಿ, ಅದೂ ವಿಕ್ಟೋರಿಯಾ ಸರ್ಕಾರದ ಹಣದಿಂದಲೇ ಬಂದದ್ದು. ಸರ್ಕಾರ ಕೊಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಕೊಡುತ್ತದೆ. ಆದರೆ ಎಲ್ಲಿಗೆ ಕೊಡುತ್ತದೆ ಎಂಬುದನ್ನು ನೋಡಬೇಕು. ಎರಡೂ ರಾಜ್ಯಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಉದ್ಘಾಟನೆಯ ಕಲ್ಲು ಹಾಕಬಹುದಾದ ಸಭಾಂಗಣಕ್ಕೆ ಹಣ ಸಿಗುತ್ತದೆ. ಜಾಡಿಗೆ ಮದ್ಯಸಾರ ತುಂಬುವವಳ ಸಂಬಳಕ್ಕೆ, ಜೀರುಂಡೆಯ ಜಾತಿ ಗುರುತಿಸಲು ಮೂವತ್ತು ವರ್ಷ ಕಣ್ಣು ಸವೆಸಿದವನ ಹುದ್ದೆಗೆ ಕತ್ತರಿ ಬೀಳುವುದು ಸುಲಭ, ಏಕೆಂದರೆ ಆ ಕೋಣೆಯನ್ನು ಮತದಾರ ಕಂಡಿಲ್ಲ.

ಊಹೆಯ ಮಾತಲ್ಲ ಇದು. 2024ರ ಆರಂಭದಲ್ಲಿ ಅಡಿಲೇಡ್‌ನ ಸೌತ್ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿ ಸಂಶೋಧನೆ ಮತ್ತು ಸಂಗ್ರಹ ವಿಭಾಗದ 27 ಹುದ್ದೆಗಳನ್ನು ರದ್ದು ಮಾಡಿ, ಬದಲಿಗೆ 22 ಹುದ್ದೆ ಸೃಷ್ಟಿಸುವ ಪ್ರಸ್ತಾಪ ಬಂತು. ಜನ ಬೀದಿಗಿಳಿದರು, ವಿಜ್ಞಾನಿಗಳು ಪತ್ರ ಬರೆದರು, ಆಮೇಲೆ ರಾಜ್ಯದ ಪ್ರೀಮಿಯರ್ ಅದನ್ನು ತಡೆಹಿಡಿದರು. ‘ಸರ್ಕಾರ ನೋಡಿಕೊಳ್ಳುತ್ತದೆ’ ಎಂದು ಮಲಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ಕಠೋರ ಸಾಕ್ಷಿಗಳಿವೆ. ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಮ್ಯೂಸಿಯಂ ಬಾಡಿಗೆ ಕಟ್ಟಡದಲ್ಲಿತ್ತು. 2016ರ ಏಪ್ರಿಲ್ 26ರ ಬೆಳಗಿನ ಜಾವ ಬೆಂಕಿಗೆ ಆಹುತಿಯಾಯಿತು. 2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲ್‌ನ ರಿಯೋದಲ್ಲಿ ಇನ್ನೂರು ವರ್ಷದ ರಾಷ್ಟ್ರೀಯ ಮ್ಯೂಸಿಯಂ ಉರಿಯಿತು. ಸುಮಾರು ಎರಡು ಕೋಟಿ ವಸ್ತುಗಳಲ್ಲಿ ಬಹುಪಾಲು ಬೂದಿಯಾದವು. ನಿರ್ವಹಣೆಯ ಹಣಕ್ಕೆ ವರ್ಷವರ್ಷವೂ ಕತ್ತರಿ ಬಿದ್ದಿದ್ದ ಸಂಸ್ಥೆ ಅದು. ಎರಡೂ ಸರ್ಕಾರದ್ದೇ.

‘ನಾವು ತೆರಿಗೆ ಕಟ್ಟುತ್ತೇವಲ್ಲ’ ಎನ್ನುವವರು ಆಸ್ಟ್ರೇಲಿಯಾದ ತೆರಿಗೆ ಕಾನೂನನ್ನೇ ಒಮ್ಮೆ ನೋಡಲಿ. ಇಲ್ಲಿನ ಮ್ಯೂಸಿಯಂಗಳಿಗೆ ಎರಡು ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ ಅಷ್ಟನ್ನು ಆದಾಯದಿಂದ ಕಳೆದು ತೋರಿಸಬಹುದು. ವರ್ಷಕ್ಕೆ ಲಕ್ಷ ಡಾಲರ್ ದುಡಿಯುವವರ ದರ ಶೇ. 30. ಅವರು ನೂರು ಡಾಲರ್ ಕೊಟ್ಟರೆ, ಅದರಲ್ಲಿ ಮೂವತ್ತು ಡಾಲರ್ ಹೇಗೂ ತೆರಿಗೆಯಾಗಿ ಹೋಗಬೇಕಾಗಿದ್ದ ಹಣ. ಅಂದರೆ ನಿಮ್ಮ ತೆರಿಗೆ ಎಲ್ಲಿಗೆ ಹೋಗಬೇಕೆಂದು ನೀವೇ ಬೆರಳು ತೋರಿಸಿ ಹೇಳುವ ದಾರಿ ಇದು. ಐಟಿ ಕಂಪನಿಯಲ್ಲಿ ದುಡಿದು, ಅಕೌಂಟೆಂಟ್ ಹತ್ತಿರ ಕೂತು ಲ್ಯಾಪ್‌ಟಾಪಿನ ಖರ್ಚಿನಿಂದ ಹಿಡಿದು ಎಲ್ಲವನ್ನೂ ಲೆಕ್ಕ ಹಾಕಿಸುವ ನಮ್ಮವರಿಗೆ ಇದು ತಿಳಿಯದ್ದೇನಲ್ಲ. ಆ ಹಾಳೆಯಲ್ಲಿ ಈ ಹೆಸರು ಬರೆಯಬೇಕೆಂದು ಅವರಿಗೆ ಅನ್ನಿಸಿಲ್ಲ, ಅಷ್ಟೇ.

ಇನ್ನು ಶ್ರೀಮಂತರು ಕೊಡುತ್ತಾರಲ್ಲ, ನಮ್ಮ ಐವತ್ತು ಡಾಲರ್ ಯಾವ ಮೂಲೆಗೆ ಎಂಬ ಮಾತು. ಶ್ರೀಮಂತರು ಕೊಡುತ್ತಾರೆ, ಕೊಡಲಿ. ಮೆಲ್ಬರ್ನ್ ಮ್ಯೂಸಿಯಂನ ಮಕ್ಕಳ ಗ್ಯಾಲರಿಗೆ ಪಾಲಿನ್ ಗ್ಯಾಂಡೆಲ್ ಹೆಸರಿದೆ, ಸಿಡ್ನಿಯ ಲಾಂಗ್ ಗ್ಯಾಲರಿಗೆ ಬ್ಯಾಂಕ್ ಒಂದರ ಹೆಸರಿದೆ, ಸಿಡ್ನಿ ವಿಶ್ವವಿದ್ಯಾಲಯದ ಹೊಸ ಮ್ಯೂಸಿಯಂಗೆ ಚಾವ್ ಚಾಕ್ ವಿಂಗ್ ಹೆಸರಿದೆ. ಅವರು ಕೊಟ್ಟದ್ದರಿಂದ ನನ್ನ ಮಕ್ಕಳೂ ಆಡಿದ್ದಾರೆ, ಕಲಿತಿದ್ದಾರೆ, ಅದಕ್ಕೆ ಕೃತಜ್ಞತೆಯಿದೆ. ಆದರೆ ಈ ಮ್ಯೂಸಿಯಂಗಳ ಮೈ ಬೆಳೆದದ್ದು ಬರೀ ದೊಡ್ಡ ಚೆಕ್ಕುಗಳಿಂದಲ್ಲ.

1870ರಲ್ಲಿ ನಡೆದದ್ದು ಹೇಳುತ್ತೇನೆ. ವಿಲಿಯಂ ಫಾರ್ಸ್ಟರ್ ಎಂಬ ಕುರಿಸಾಕಣೆಯ ಜಮೀನುದಾರ, ರಾಜಕಾರಣಿಯೂ ಆಗಿದ್ದವನು, ಕ್ವೀನ್ಸ್‌ಲ್ಯಾಂಡ್‌ನ ಬರ್ನೆಟ್ ನದಿಯಲ್ಲಿ ಒಂದು ವಿಚಿತ್ರ ಮೀನಿದೆ ಎಂದು ಸಿಡ್ನಿಯ ಮ್ಯೂಸಿಯಂನ ಕ್ಯೂರೇಟರ್ ಗೆರಾರ್ಡ್ ಕ್ರೆಫ್ಟ್‌ಗೆ ಹೇಳುತ್ತಿದ್ದ. ಅಲ್ಲಿನ ಜನ ಅದನ್ನು ಬೇಯಿಸಿ ತಿನ್ನುತ್ತಿದ್ದರು. ಕ್ರೆಫ್ಟ್ ನಂಬಲಿಲ್ಲ. ಫಾರ್ಸ್ಟರ್ ಬಿಡದೆ ಒಂದು ಮೀನನ್ನೇ ತರಿಸಿ ಮ್ಯೂಸಿಯಂಗೆ ಕೊಟ್ಟ. ಬಾಯಿ ತೆರೆದು ಹಲ್ಲು ನೋಡಿದ ಕ್ರೆಫ್ಟ್ ದಂಗಾದ. ಬಂಡೆಗಳಲ್ಲಿ ಕಲ್ಲಾಗಿ ಸಿಗುವ, ಕೋಟ್ಯಂತರ ವರ್ಷಗಳ ಹಿಂದೆಯೇ ಅಳಿದುಹೋಯಿತೆಂದುಕೊಂಡಿದ್ದ ಜೀವಿಯ ಹಲ್ಲು ಅದು! ಶ್ವಾಸಕೋಶವಿರುವ ಮೀನು. ನೀರಿನ ಜೀವಿಗಳು ನೆಲಕ್ಕೆ ಹತ್ತಿದ ಕಥೆಯನ್ನು ಹೇಳುವಾಗ ಇವತ್ತಿಗೂ ಜಗತ್ತು ಅದರ ಕಡೆ ತಿರುಗುತ್ತದೆ. ಅದರ ಶಾಸ್ತ್ರೀಯ ಹೆಸರಿನಲ್ಲಿ ‘ಫಾರ್ಸ್ಟೆರಿ’ ಎಂಬ ಪದವಿದೆ. ಅವನು ಕೊಟ್ಟದ್ದು ಚಿನ್ನವಲ್ಲ, ಒಂದು ಮೀನು ಮತ್ತು ಬಿಡದ ಹಟ.

ಹಾಗೆಯೇ ನ್ಯೂ ಸೌತ್ ವೇಲ್ಸ್‌ನ ಬೆಲ್‌ಟ್ರೀಸ್ ಎಂಬಲ್ಲಿನ ಜಮೀನುದಾರ ಎಚ್.ಎಲ್. ವೈಟ್. ಹಕ್ಕಿಗಳ ಚರ್ಮ, ಮೊಟ್ಟೆ ಕೂಡಿಹಾಕುವುದೇ ಅವನ ಜೀವನದ ಹಂಬಲ. 8,000ಕ್ಕೂ ಹೆಚ್ಚು ಹಕ್ಕಿಚರ್ಮಗಳನ್ನು ಅವನು ಕೊಟ್ಟದ್ದು ತನ್ನ ರಾಜ್ಯದ ಸಿಡ್ನಿಗಲ್ಲ, ಮೆಲ್ಬರ್ನ್‌ಗೆ. ‘ನಮ್ಮೂರಿಗೆ ಮೊದಲು’ ಎಂಬ ಲೆಕ್ಕ ಅವನನ್ನು ತಡೆಯಲಿಲ್ಲ. ಹಕ್ಕಿಮೊಟ್ಟೆ ಕೂಡಿಡುವುದು ಯಾವ ಉಪಯೋಗಕ್ಕೆ ಎಂದು ಆ ಕಾಲದಲ್ಲೂ ಕೇಳುವವರಿದ್ದರು. ಉತ್ತರ ಬಂದದ್ದು 1967ರಲ್ಲಿ, ಬ್ರಿಟನ್ನಿನಿಂದ. ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಸಂಗ್ರಹಗಳಲ್ಲಿದ್ದ ಪೆರಿಗ್ರಿನ್ ಗಿಡುಗದ ಹಳೆಯ ಮೊಟ್ಟೆಗಳನ್ನು ಹೊಸವುಗಳ ಜೊತೆ ತೂಗಿ ನೋಡಿದ. 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗಿತ್ತು. ಗದ್ದೆತೋಟಗಳಿಗೆ ಡಿಡಿಟಿ ಸುರಿಯಲು ಶುರುಮಾಡಿದ ಕಾಲ ಅದು. ಕಾವು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ದೇಶದೇಶಗಳು ಡಿಡಿಟಿಯನ್ನು ನಿಷೇಧಿಸಲು ಆ ಸಾಕ್ಷಿಯೂ ಒಂದು ಕಾರಣ. ಹಳೆಯ ಮೊಟ್ಟೆಗಳನ್ನು ‘ಕೆಲಸಕ್ಕೆ ಬಾರದ್ದು’ ಎಂದು ಎಸೆದಿದ್ದರೆ, ಹೋಲಿಸಿ ನೋಡಲು ಏನೂ ಉಳಿಯುತ್ತಿರಲಿಲ್ಲ.

ಇವರೆಲ್ಲರಿಗಿಂತ ನನಗೆ ಹೆಚ್ಚು ಹತ್ತಿರದವನು ವಿಲಿಯಂ ಜಾನ್ ಮೆಕ್ಲೇ. ತನ್ನ ಮನೆತನದವರು ಕೂಡಿಸಿದ ಕೀಟ, ಹಕ್ಕಿ, ಮೀನುಗಳ ಸಂಗ್ರಹವನ್ನು ಅವನು ಸಿಡ್ನಿ ವಿಶ್ವವಿದ್ಯಾಲಯಕ್ಕೆ ಕೊಟ್ಟ. ಜೊತೆಗೆ ಅದನ್ನು ನೋಡಿಕೊಳ್ಳುವವನ ಸಂಬಳಕ್ಕೆಂದು 6,000 ಪೌಂಡ್ ಇಡುಗಂಟನ್ನೂ ಕೊಟ್ಟ. ನಮ್ಮ ಶಾಸನದ ದಾನಿಯ ಬುದ್ಧಿ ಇದೇ ಅಲ್ಲವೇ? ಮೂರ್ತಿ ಕೊಟ್ಟು, ಎಣ್ಣೆಗೂ ಕೊಟ್ಟವನು. ಆ ಸಂಗ್ರಹ ಇವತ್ತಿಗೂ ಅದೇ ವಿಶ್ವವಿದ್ಯಾಲಯದಲ್ಲಿದೆ.

ನನಗೆ ತುಂಬ ಕಷ್ಟವಾಗುವ ಪ್ರಶ್ನೆ ಇನ್ನೊಂದಿದೆ: ‘ಹಸಿದವರು ಇರುವಾಗ ಇದಕ್ಕೆಲ್ಲ ಕೊಡಬಹುದಾ?’ ಅನ್ನದಾನದ ಪಾಲಿನಿಂದ ಒಂದು ಡಾಲರನ್ನೂ ನಾನು ಕೇಳುತ್ತಿಲ್ಲ. ಆದರೆ ಅನ್ನ ಮತ್ತು ಜ್ಞಾನವನ್ನು ಎದುರುಬದುರು ನಿಲ್ಲಿಸುವುದನ್ನು ಒಪ್ಪಲಾರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿಯಿತು. ಅದಾಗಿ ಹತ್ತೇ ವರ್ಷದೊಳಗೆ, 1907ರಲ್ಲಿ, ಮೈಸೂರು ಸಂಸ್ಥಾನ ಜಮ್‌ಶೆಟ್‌ಜಿ ಟಾಟಾ ಕನಸಿನ ವಿಜ್ಞಾನ ಸಂಸ್ಥೆಗೆ 371 ಎಕರೆ ಭೂಮಿ ಕೊಟ್ಟಿತು. ಆಗಲೂ ನಾಡಿನಲ್ಲಿ ಹಸಿದವರಿದ್ದರು.

ಇನ್ನೂ ಹತ್ತಿರದ್ದು ಹೇಳುತ್ತೇನೆ. 2008ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ಸ್ವಲ್ಪ ಕಾಲದಲ್ಲೇ ಕರ್ನಾಟಕದ ಪಪ್ಪಾಯಿ ತೋಟಕ್ಕೆ, ಹಿಪ್ಪುನೇರಳೆಗೆ ನುಗ್ಗಿತು. ಬಿಳಿ ಹತ್ತಿಯಂಥ ಮುದ್ದೆ ಕಾಂಡವನ್ನೆಲ್ಲ ಮುಚ್ಚುತ್ತಿತ್ತು, ಎಷ್ಟು ಔಷಧ ಹೊಡೆದರೂ ಸಾಯುತ್ತಿರಲಿಲ್ಲ. ಸೊಪ್ಪಿಲ್ಲದೆ ರೇಷ್ಮೆಹುಳು ಸಾಕುವವರು ಕಂಗೆಟ್ಟರು. ಪರಿಹಾರ ಬಂದದ್ದು ಆ ತಿಗಣೆ ಯಾವ ಜಾತಿಯದೆಂದು ಖಚಿತವಾಗಿ ಗೊತ್ತಿದ್ದರಿಂದ. 1992ರಲ್ಲಿ ಇಬ್ಬರು ತಜ್ಞರು ಅದಕ್ಕೆ ಹೆಸರಿಟ್ಟು ವಿವರಿಸಿದ್ದರು. ಜಾತಿ ತಿಳಿದದ್ದರಿಂದ ತವರು ತಿಳಿಯಿತು, ತವರಿನಲ್ಲಿ ಅದನ್ನು ಕೊಲ್ಲುವ ಕಣಜ ತಿಳಿಯಿತು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆ ಆ ಸಣ್ಣ ಪರಾವಲಂಬಿ ಕಣಜಗಳನ್ನು ಪೋರ್ಟೊರಿಕೊದಿಂದ ತರಿಸಿ ಬಿಟ್ಟಿತು. ತಿಗಣೆ ಹತೋಟಿಗೆ ಬಂತು. ಸೂಜಿಗೆ ಚುಚ್ಚಿದ, ಗಾಜಿನ ಚೂರಿಗೆ ಅಂಟಿಸಿದ ಕೀಟಗಳ ಸಂಗ್ರಹ ಎಲ್ಲೋ ಇದ್ದದ್ದರಿಂದ, ಅವನ್ನು ಓದಬಲ್ಲ ಕಣ್ಣುಗಳಿದ್ದದ್ದರಿಂದ ರೇಷ್ಮೆ ರೈತನ ಒಲೆ ಉರಿಯಿತು. ಆಸ್ಟ್ರೇಲಿಯಾದ ಜೀವಿಗಳಲ್ಲಿ ಸುಮಾರು ಶೇ. 70ಕ್ಕೆ ಇನ್ನೂ ಹೆಸರೇ ಇಟ್ಟಿಲ್ಲ ಎಂದು ಇಲ್ಲಿನ ವಿಜ್ಞಾನ ಅಕಾಡೆಮಿ 2018ರಲ್ಲಿ ಅಂದಾಜು ಮಾಡಿದೆ. ನಾಳೆಯ ತಿಗಣೆ, ನಾಳೆಯ ಕಣಜ ಅವುಗಳಲ್ಲೇ ಇರಬಹುದು.

‘ಇದು ನಮ್ಮ ಮ್ಯೂಸಿಯಂ ಅಲ್ಲ, ಅವರದ್ದು’ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಮಕ್ಕಳು ಇಲ್ಲಿ ಹುಟ್ಟಿದ್ದಾರೆ. ಅವರ ಹಿತ್ತಿಲಲ್ಲಿ ವಟಗುಟ್ಟುವ ಕಪ್ಪೆ ಈ ನೆಲದ್ದು. ಆಸ್ಟ್ರೇಲಿಯನ್ ಮ್ಯೂಸಿಯಂ 2017ರಲ್ಲಿ ಶುರು ಮಾಡಿದ ಫ್ರಾಗ್‌ಐಡಿ ಎಂಬ ಮೊಬೈಲ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಕಪ್ಪೆಯ ಕೂಗನ್ನು ಧ್ವನಿಮುದ್ರಿಸಿ ಕಳಿಸಬಹುದು. ತಜ್ಞರು ಕೇಳಿ ಜಾತಿ ಹೇಳುತ್ತಾರೆ. ಹೀಗೆ ದಾಖಲಾದ ಕಪ್ಪೆಗಳು ಹತ್ತು ಲಕ್ಷ ದಾಟಿವೆ. 2021ರ ಚಳಿಗಾಲದಲ್ಲಿ, ಸಿಡ್ನಿ ಲಾಕ್‌ಡೌನ್‌ನಲ್ಲಿದ್ದಾಗ, ಸತ್ತ ಕಪ್ಪೆಗಳು ಸಿಕ್ಕ ಜನ ಅವನ್ನು ಮನೆಯ ಫ್ರೀಜರ್‌ನಲ್ಲಿಟ್ಟು ಮ್ಯೂಸಿಯಂಗೆ ತಿಳಿಸಿದರು. ಸಾವಿನ ಕಾರಣ ಹುಡುಕಲು ಆಧಾರವಾದದ್ದು ಅವೇ. ಅಂಥ ಕಪ್ಪೆಯನ್ನು ಫ್ರೀಜರ್‌ನಲ್ಲಿಡಲು ಯಾವ ಜಾತಿಯ, ಯಾವ ಭಾಷೆಯ ಮನೆ ಎಂಬುದು ಬೇಕಾಗಿರಲಿಲ್ಲ. ಶಿರಸಿ, ಸಿದ್ದಾಪುರದ ಕಡೆಯ ತೊರೆಗಳಲ್ಲಿ ಮೊಟ್ಟೆಗೆ ಕೆಸರು ಮೆತ್ತುವ ಒಂದು ಕಪ್ಪೆಗೆ 2014ರಲ್ಲಿ ವಿಜ್ಞಾನಿಗಳು ‘ಕುಂಬಾರ’ ಎಂಬ ಕನ್ನಡ ಪದವನ್ನೇ ಶಾಸ್ತ್ರೀಯ ಹೆಸರಾಗಿ ಇಟ್ಟಾಗ ನಾವು ಹೆಮ್ಮೆಪಟ್ಟೆವು. ಆ ಹೆಸರು ನಿಲ್ಲಬೇಕಾದರೆ ಅದರ ಮಾದರಿ ಕಪ್ಪೆ ಒಂದು ಸಂಗ್ರಹದ ಜಾಡಿಯಲ್ಲಿ ಇರಲೇಬೇಕು. ಇಲ್ಲಿನ ಕಪ್ಪೆಗಳಿಗೂ ಅದೇ ನಿಯಮ.

ಈ ಮ್ಯೂಸಿಯಂಗಳ ಚರಿತ್ರೆಯಲ್ಲಿ ಕಳಂಕವಿದೆ, ನಿಜ. ಮೂಲನಿವಾಸಿಗಳ ಅಸ್ಥಿಗಳನ್ನೂ ಪೂಜ್ಯ ವಸ್ತುಗಳನ್ನೂ ಕೇಳದೆ ತಂದು ಇಟ್ಟುಕೊಂಡಿದ್ದರು. ಅವನ್ನು ಮರಳಿಸುವ ಕೆಲಸ ನಡೆಯುತ್ತಿದೆ, ಅದಕ್ಕೂ ಜನ ಬೇಕು, ಹಣ ಬೇಕು. ದೂರ ನಿಂತು ಬೈಯುವವನಿಗಿಂತ ಒಳಗೆ ಸದಸ್ಯನಾಗಿ, ದಾನಿಯಾಗಿ ಪ್ರಶ್ನೆ ಕೇಳುವವನ ಮಾತಿಗೆ ತೂಕ ಹೆಚ್ಚು.

2027ರಲ್ಲಿ ಆಸ್ಟ್ರೇಲಿಯನ್ ಮ್ಯೂಸಿಯಂಗೆ ಇನ್ನೂರು ವರ್ಷ ತುಂಬುತ್ತದೆ. ಸಿಡ್ನಿ, ಮೆಲ್ಬರ್ನ್ ಎರಡೂ ಕಡೆಯ ಕನ್ನಡ ಸಂಘಗಳನ್ನು, ಗೆಳೆಯರ ಕೂಟಗಳನ್ನು, ಮನೆಮನೆಯವರನ್ನು ನಾನು ಕೇಳಿಕೊಳ್ಳುವುದು ಇಷ್ಟು: ರಾಜ್ಯೋತ್ಸವದ ಖರ್ಚಿನಿಂದ ಬೇಡ, ಊರಿನ ಶಾಲೆಯ ಪಾಲಿನಿಂದ ಬೇಡ, ಬೇರೆಯದೇ ಒಂದು ಸಣ್ಣ ಮೊತ್ತವನ್ನು ಪ್ರತಿ ವರ್ಷ, ತೆರಿಗೆ ವರ್ಷ ಮುಗಿಯುವ ಜೂನ್ 30ರೊಳಗೆ, ನಿಮ್ಮ ಊರಿನ ಮ್ಯೂಸಿಯಂಗೆ ಕಳಿಸಿ. ಕಳಿಸುವಾಗ, ಪ್ರದರ್ಶನಕ್ಕಲ್ಲ, ಸಂಗ್ರಹದ ರಕ್ಷಣೆಗೆ ಮತ್ತು ಸಂಶೋಧನೆಗೆ ಎಂದು ಸ್ಪಷ್ಟವಾಗಿ ಬರೆಯಿರಿ. ದುಡ್ಡಿಲ್ಲದವರು ವಾರಕ್ಕೆ ಅರ್ಧ ದಿನ ಸ್ವಯಂಸೇವಕರಾಗಿ ಹೋಗಿ. ಚೀಟಿ ಓದಿ ಕಂಪ್ಯೂಟರಿಗೆ ಏರಿಸುವವರು ಅಲ್ಲಿ ಬೇಕಾಗಿದ್ದಾರೆ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ, ಜಾಡಿ ತೋರಿಸಿ, ಇದರೊಳಗಿನ ಮದ್ಯಸಾರದಲ್ಲಿ ನಮ್ಮದೂ ಒಂದು ಹನಿ ಇದೆ ಎಂದು ಹೇಳಿ.